ಮೂರನೇ ಮನೆಯ ಚಿಲಕ

ಮನೆ ಬಾಡಿಗೆಗೆ ಕೊಡುವುದು ಸುಲಭ, ಬಿಡಿಸಿಕೊಳ್ಳುವುದು ಕಷ್ಟ ಅಂತ ಎಲ್ಲ ಊರಲ್ಲೂ ಹೇಳುತ್ತಾರಂತೆ. ನಮ್ಮೂರಲ್ಲಿ ಬಿಡಿಸಿಕೊಳ್ಳುವುದಕ್ಕೆ ಒಂದು ಮಾತೂ ಬೇಕು. ಸಾಮಾನೆಲ್ಲ ಗಾಡಿಗೆ ಏರಿಸಿ ಆದ ಮೇಲೆ ಬಾಡಿಗೆಯವರು ಒಬ್ಬೊಬ್ಬರಾಗಿ ಹೊಸ್ತಿಲು ದಾಟಿ, ತಿರುಗಿ ನಿಂತು, "ಹೋಗ್ತೀನಿ" ಅನ್ನಬೇಕು. ಬಾಯಿ ತಪ್ಪಿ "ಬರ್ತೀನಿ" ಅಂದರೋ, ಮುಗಿಯಿತು. ಆ ಬಾಗಿಲು ಅವರ ದಾರಿ ಕಾಯುತ್ತಾ ಕೂರುತ್ತದೆ. ಆಮೇಲೆ ಯಾರೇ ಬಂದು ಸೇರಿಕೊಂಡರೂ ಒಳಗಿನ ಚಿಲಕ ನಿಲ್ಲುವುದಿಲ್ಲ. ಮೇಲಕ್ಕೆ ತಳ್ಳಿದರೆ ಟಕ್ ಅಂತ ಕೆಳಗೆ ಬೀಳುತ್ತದೆ.

ಈಗ ನೀವೇ ಹೇಳಿ, ಯಾವ ಮನುಷ್ಯ ಬಾಯಿ ಬಿಟ್ಟು "ಹೋಗ್ತೀನಿ" ಅನ್ನುತ್ತಾನೆ? ಮಾತು ಬಂದಾಗಿನಿಂದ ಹೊಸ್ತಿಲು ದಾಟುವಾಗಲೆಲ್ಲ ಬರ್ತೀನಿ, ಬರ್ತೀನಿ ಅಂದು ಪಳಗಿದ ನಾಲಿಗೆ ಅದು. ಹೋಗ್ತೀನಿ ಅಂದವರಿಗೆ ಆ ಮನೆ ಮತ್ತೆ ಸಿಗುವುದೂ ಇಲ್ಲ. ಅದೇ ಬೀದಿಯಲ್ಲಿ ಹತ್ತು ಸಲ ಓಡಾಡಿದರೂ ಎರಡನೇ ಮನೆಯ ಪಕ್ಕಕ್ಕೆ ನಾಲ್ಕನೇ ಮನೆಯೇ ಕಾಣುತ್ತದೆ. ಅದಕ್ಕೇ ಎಲ್ಲರೂ ಆ ಮಾತಿಗೆ ಹಿಂದೆಮುಂದೆ ನೋಡುತ್ತಾರೆ. ಒಮ್ಮೆ ಏಳು ಜನರ ಸಂಸಾರವೊಂದು ನನ್ನ ಐದನೇ ಮನೆ ಬಿಟ್ಟಿತು. ನಾನು ಬೆರಳು ಮಡಿಚಿ ಲೆಕ್ಕ ಹಾಕುತ್ತಾ ನಿಂತಿದ್ದೆ. ಆರು ಜನ ಹೇಳಿದರು. ಚಿಕ್ಕ ಮಗು "ಟಾಟಾ" ಅಂದುಬಿಟ್ಟಿತು. ಟಾಟಾ ಅಂದರೆ ಹೊಸ್ತಿಲಿಗೆ ಅರ್ಥವಾಗುವುದಿಲ್ಲ. ಮಧ್ಯಾಹ್ನದ ತನಕ ಆ ಮಗುವಿಗೆ ಪಾಠ ಹೇಳಿಕೊಟ್ಟೆವು. ಅದರ ಅಜ್ಜಿ ನನಗೆ ಹಾಕಿದ ಶಾಪ ಇನ್ನೂ ಕಿವಿಯಲ್ಲಿದೆ.

ನನ್ನ ಹೆಸರು ದೊರೆಸ್ವಾಮಿ. ವಠಾರದವರ ಬಾಯಲ್ಲಿ ದೊರೆ. ದೊರೆ ಅಂತ ಕರೆದು ಮೋರಿ ಎತ್ತಿಸುತ್ತಾರೆ, ಅದೇ ಸೊಗಸು. ಅಮ್ಮ ನಾನು ಕೈಗೂಸಾಗಿದ್ದಾಗಲೇ ಹೋದಳು. ಅಪ್ಪ ಸತ್ತಾಗ ನಾನು ಎಂಟನೇ ಕ್ಲಾಸು. ಸಾಲಾಗಿ ಐದು ಮನೆ, ಹಿಂದೆ ಒಂದು ಬಾವಿ, ಬಾವಿಗೊಂದು ಮೋಟ್ರು, ತುದಿಯಲ್ಲಿ ನಾನಿರುವ ಒಂದು ಕೋಣೆ, ಇಷ್ಟನ್ನು ನನ್ನ ತಲೆಗೆ ಕಟ್ಟಿ ಹೋದ. ಜೊತೆಗೆ ಐದೂ ಮನೆಗಳ ಎರಡನೇ ಬೀಗದ ಕೈಗಳ ಗೊಂಚಲು. "ಇದು ಬೆಂಕಿ ಬಿದ್ದಾಗ ಮಾತ್ರ ಕಣೋ. ಬಾಡಿಗೆಯವರ ಮನೆ ನಮ್ಮದಲ್ಲ, ಗೋಡೆ ಮಾತ್ರ ನಮ್ಮದು" ಅಂದಿದ್ದ. ಅವತ್ತಿಗೆ ಶಾಲೆ ಬಿಟ್ಟೆ. ಪುಸ್ತಕವನ್ನು ಗೂಡಿನಲ್ಲಿಟ್ಟು ಸ್ಪ್ಯಾನರ್ ಹಿಡಿದೆ.

ಮನೆ ಮಾಲೀಕ ಅಂದರೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತವನು ಅಂತ ಜನ ತಿಳಿದಿದ್ದಾರೆ. ಬನ್ನಿ, ಒಂದು ವಾರ ನನ್ನ ಜಾಗದಲ್ಲಿ ನಿಲ್ಲಿ. ನಲ್ಲಿ ಸೋರಿದರೆ ದೊರೆ, ಹೆಂಚು ಒಡೆದರೆ ದೊರೆ, ಪಕ್ಕದ ಮನೆಯ ಒಗ್ಗರಣೆ ಘಾಟು ಬಂದರೂ ದೊರೆ. ಮೊಳೆ ಹೊಡೆಯಬೇಡಿ ಅಂದ ಗೋಡೆಗೆ ಹದಿನಾಲ್ಕು ದೇವರ ಪಟ. ಮೂರು ಜನ ಅಂತ ಹೇಳಿ ಸೇರಿದ ಮನೆಯಲ್ಲಿ ಶ್ರಾವಣಕ್ಕೆ ಒಂಬತ್ತು ಜೊತೆ ಚಪ್ಪಲಿ. ಹದಿನಾಲ್ಕನೇ ವಯಸ್ಸಿನಲ್ಲಿ ಈ ಕೆಲಸಕ್ಕೆ ಇಳಿದವನಿಗೆ ಒಂದೇ ವಿದ್ಯೆ ಬರುತ್ತದೆ, ಕೂಗುವುದು. ಮೆತ್ತಗೆ ಮಾತಾಡಿದರೆ ಹುಡುಗ ಅಂತ ನಗುತ್ತಿದ್ದರು. ಕೂಗಿದರೆ ಕೆಲಸ ಆಗುತ್ತಿತ್ತು. ಹಾಗೆ ಕೂಗಿ ಕೂಗಿ ನನ್ನ ಗಂಟಲಿಗೆ ಬೇರೆ ದಾರಿ ಮರೆತುಹೋಯಿತು.

ಮೂರನೇ ಮನೆಯಲ್ಲಿ ವನಜಕ್ಕ ಇದ್ದರು. ಸೀರೆ ಸೆರಗಿಗೆ ಕುಚ್ಚು ಕಟ್ಟುವ ಕೆಲಸ. ಸೀರೆ ಅಂಗಡಿಯಿಂದ ಗಂಟು ತಂದು, ಬಾಗಿಲ ಬಳಿ ಬೆಳಕಿಗೆ ಕೂತು, ಎಳೆ ಎಳೆ ಬಿಡಿಸಿ ಗಂಟು ಹಾಕುತ್ತಿದ್ದರು. ಅವರ ಕೈಯ ಸೀರೆಯನ್ನು ಯಾರು ಬೇಕಾದರೂ ಗುರುತಿಸಬಹುದಿತ್ತು, ಏಕೆಂದರೆ ಕೊನೆಯ ಕುಚ್ಚಿನಲ್ಲಿ ಒಂದೇ ಒಂದು ಎಳೆ ಬೇರೆ ಬಣ್ಣದ್ದು ಸೇರಿಸುತ್ತಿದ್ದರು. ಉಟ್ಟವರಿಗೆ ದೃಷ್ಟಿ ಆಗದಿರಲಿ ಅಂತ. ನಲವತ್ತರ ಹತ್ತಿರದ ಹೆಂಗಸು, ಮದುವೆಯಾಗಿರಲಿಲ್ಲ. ತಮ್ಮ ಶ್ರೀಕಂಠನನ್ನು ಸಾಕುವುದರಲ್ಲೇ ವಯಸ್ಸು ಕಳೆದಿತ್ತು. ಶ್ರೀಕಂಠ ನನ್ನ ಕ್ಲಾಸಿನವನು, ಒಂದೇ ಬೆಂಚು. ನಾನು ಶಾಲೆ ಬಿಟ್ಟ ಮೇಲೆ ಅವನು ಇನ್ನೆರಡು ವರ್ಷ ಹೋಗಿ ಬಂದು, ಆಮೇಲೆ ಸುಮ್ಮನೆ ಮನೆಯಲ್ಲಿದ್ದ.

ಜಗಳ ಆಗಿದ್ದು ಮೋಟ್ರಿಗೆ. ಒಂದು ದಿನ ನಾನು ಪೇಟೆಯಿಂದ ಬರುವಷ್ಟರಲ್ಲಿ ಟ್ಯಾಂಕು ತುಂಬಿ ಹರಿದು ಅಂಗಳವೆಲ್ಲ ಕೆರೆ. ಬಾವಿ ಬತ್ತಿ ಮೋಟ್ರು ಸುಟ್ಟ ವಾಸನೆ. ಅಂಗಳದ ನಡುವೆ ನಿಂತು ಕೂಗಿದೆ, "ಯಾವನೋ ಅವ್ನು ಮೋಟ್ರು ಹಾಕ್ದೋನು?"

ಶ್ರೀಕಂಠ ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬಂದ. "ನಾನೇ ಕಣೋ ದೊರೆ. ಸ್ವಿಚ್ ಹಾಕಿ ಹಂಗೇ ಒರಗಿದ್ದೆ, ನಿದ್ದೆ ಹತ್ಬಿಡ್ತು."

"ಹತ್ತದೆ ಇನ್ನೇನು? ಅಕ್ಕ ಕಣ್ಣು ಕಳ್ಕೊಂಡು ಕುಚ್ಚು ಕಟ್ತಾಳೆ, ತಮ್ಮ ಉಂಡು ಮಲಗ್ತಾನೆ. ನಿನಗೆ ಅನ್ನ ಬಡಿಸೋ ತಟ್ಟೆಗೇ ನಾಚಿಕೆ ಆಗ್ಬೇಕು ಕಣೋ."

ಮೊದಲನೇ ಮನೆಯ ದೇವೀರಮ್ಮ, ಅಪ್ಪನ ಕಾಲದಿಂದ ಇರುವ ಮುದುಕಿ, ಹೊಸ್ತಿಲ ಮೇಲಿಂದಲೇ ಗದರಿದಳು. "ಲೇ ದೊರೆ, ಸುಟ್ಟಿರೋದು ಮೋಟ್ರು. ನೀನ್ಯಾಕೋ ಮನುಷ್ಯರನ್ನ ಸುಡ್ತೀಯ?" ನಾನು ನಿಲ್ಲಿಸಲಿಲ್ಲ. ಐದೂ ಮನೆಯವರ ಎದುರಿಗೆ ಇನ್ನೂ ಏನೇನೋ ಅಂದೆ. ಶ್ರೀಕಂಠ ನೆಲ ನೋಡುತ್ತಾ ನಿಂತಿದ್ದ. ಅವನ ಹಿಂದೆ ಬಾಗಿಲಲ್ಲಿ ವನಜಕ್ಕ ಅರ್ಧ ಕಟ್ಟಿದ ಸೆರಗು ಹಿಡಿದು ನಿಂತಿದ್ದರು.

ವಾರದೊಳಗೆ ಅವನು ಬೋರ್‌ವೆಲ್ ಲಾರಿಯಲ್ಲಿ ಕೆಲಸ ಹಿಡಿದ. ಗಡಿಯಾಚೆ ಎಲ್ಲೆಲ್ಲೋ ಹೋಗಿ ನೆಲ ಕೊರೆಯುವ ಲಾರಿ. ಅವನು ಹೊರಟ ದಿನ ನಾನು ಮೂರನೇ ಮನೆಯ ನಲ್ಲಿಗೆ ವಾಷರ್ ಹಾಕಲು ಹೋಗಿದ್ದೆ. ಕೆಲಸ ಮುಗಿಸಿ ಬಾಗಿಲಿಗೆ ಬಂದಿದ್ದೆ. ಬೀದಿಯ ಕೊನೆಯಲ್ಲಿ ಲಾರಿ ಹಾರ್ನು ಹೊಡೆಯುತ್ತಿತ್ತು. ಶ್ರೀಕಂಠ ಚೀಲ ಹೆಗಲಿಗೇರಿಸಿ, ನನ್ನನ್ನು ಸವರಿಕೊಂಡು ಹೊಸ್ತಿಲು ದಾಟಿ, ಅಂಗಳದಲ್ಲಿ ತಿರುಗಿ ನಿಂತ. ನಾನು ಬಾಗಿಲಲ್ಲಿ, ವನಜಕ್ಕ ನನ್ನ ಹಿಂದೆ ನಡುಮನೆಯಲ್ಲಿ. ಅವನು ನೇರ ನನ್ನ ಕಡೆ ನೋಡಿ ಅಂದ, "ಬರ್ತೀನಿ. ನೋಡ್ತಾ ಇರು."

ಅಷ್ಟೇ. ಹೋದ.

ಆ ಮಾತು ನನ್ನ ಎದೆಗೆ ಬಂದು ಕೂತಿತು. ನೋಡ್ತಾ ಇರು ಅಂದರೆ ಏನು? ನಮ್ಮ ಕಡೆ ಹುಡುಗರು ಹೊಡೆದಾಟಕ್ಕೆ ಮುಂಚೆ ಆಡುವ ಮಾತು ಅದು. ಇವತ್ತು ಹೋಗ್ತಿದೀನಿ, ಇನ್ನೊಂದು ದಿನ ಬಂದು ವಿಚಾರಿಸ್ಕೋತೀನಿ, ನೋಡ್ತಾ ಇರು.

ಮೂರು ವರ್ಷ ಕಳೆಯಿತು. ಶ್ರೀಕಂಠ ಒಂದು ಕಾಗದ ಬರೆಯಲಿಲ್ಲ. ನಮ್ಮೂರಲ್ಲಿ ಕಾಗದ ಬರೆಯುವವರು ಕಮ್ಮಿ, ಚಿಲಕವೇ ಎಲ್ಲ ಹೇಳುತ್ತದೆ. ಬರ್ತೀನಿ ಅಂದು ಹೋದವನು ಹಿಂದಿರುಗುವ ತನಕ ಚಿಲಕ ಬೀಳುತ್ತದೆ. ಅವನು ಎಲ್ಲಾದರೂ ಸತ್ತರೆ ಅವತ್ತೇ ಗಟ್ಟಿಯಾಗಿ ನಿಂತುಬಿಡುತ್ತದೆ. ಅದಕ್ಕೇ ದೀಪ ಹಚ್ಚುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಒಮ್ಮೆ ಬಾಗಿಲು ಮುಂದೆ ಮಾಡಿ ಚಿಲಕ ತಳ್ಳಿ ನೋಡುತ್ತಾರೆ. ಮನೆಯವರೆಲ್ಲ ಒಳಗಿದ್ದರೆ ನಿಲ್ಲುತ್ತದೆ. ಯಾರಾದರೂ ಹೊರಗಿದ್ದರೆ ಬೀಳುತ್ತದೆ. ಬಿದ್ದರೆ ಸಮಾಧಾನ, ಅಡುಗೆಗೆ ಕೂರುತ್ತಾರೆ. ಮಲಗುವಾಗ ಬಾಗಿಲಿಗೆ ಗುಂಡುಕಲ್ಲು ಒರಗಿಸಿದರಾಯಿತು.

ಮೂರನೇ ಮನೆಯಿಂದ ದಿನಾ ಸಂಜೆ ಟಕ್ ಅಂತ ಕೇಳಿಸುತ್ತಿತ್ತು. ಹಿಂದೆಯೇ ದೇವೀರಮ್ಮನ ಗಂಟಲು, "ಏನಂತಮ್ಮ ವನಜಾ?"

"ಇದ್ದಾನೆ ಕಣಮ್ಮ."

ಆ "ಇದ್ದಾನೆ" ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಅವನು ಇದ್ದಾನೆ, ನನಗೋಸ್ಕರ ಇದ್ದಾನೆ, ಬರುತ್ತಾನೆ. ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಬೇರೆ ಒಂದು ಉರಿಯೂ ಇತ್ತು. ನನ್ನ ಕೋಣೆಯ ಚಿಲಕ ಅಪ್ಪ ಸತ್ತಾಗಿನಿಂದ ಒಂದು ದಿನವೂ ಬಿದ್ದಿಲ್ಲ. ಹಾಕಿದರೆ ಹಾಕಿದ ಹಾಗೇ ಇರುತ್ತದೆ. ನನಗೆ ಬರ್ತೀನಿ ಅಂತ ಹೇಳಿ ಹೋದವರು ಯಾರೂ ಇಲ್ಲ.

ಇದರ ಮಧ್ಯೆ ಕಳ್ಳತನ ಆಯಿತು. ನಮ್ಮ ಮೂರನೇ ಮನೆಗೂ ನಾಲ್ಕನೇ ಮನೆಗೂ ನಡುವಿನ ಗೋಡೆ ಸೂರಿನ ತನಕ ಹೋಗಿಲ್ಲ, ಅಟ್ಟದ ಮೇಲೆ ಮೊಣಕಾಲುದ್ದ ಜಾಗ ಬಿಟ್ಟು ನಿಂತಿದೆ. ನಾಲ್ಕನೇ ಮನೆಯಲ್ಲಿ ವಾಚು ರಿಪೇರಿಯ ಇಸ್ಮಾಯಿಲ್ ಸಾಬರು. ಒಂದು ಮಧ್ಯಾಹ್ನ ವನಜಕ್ಕ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಚಿಲಕ ನಿಲ್ಲದ ಮುಂಬಾಗಿಲಿಂದ ಯಾವನೋ ಒಳಗೆ ಬಂದು, ಅಟ್ಟ ಹತ್ತಿ, ಗೋಡೆ ದಾಟಿ, ಸಾಬರ ಮನೆಯಲ್ಲಿ ರಿಪೇರಿಗೆ ಇಟ್ಟಿದ್ದ ಹನ್ನೊಂದು ವಾಚು ಒಯ್ದಿದ್ದ. ವನಜಕ್ಕನ ಮನೆಯ ಒಂದು ಚಮಚವನ್ನೂ ಮುಟ್ಟಿರಲಿಲ್ಲ.

ಸಾಬರು ನನ್ನ ಕೋಣೆಗೆ ಬಂದು ಕೂತರು. ಕೂಗಾಡುವ ಮನುಷ್ಯನಲ್ಲ. "ಊರವರ ವಾಚು ಕಣಪ್ಪ. ನನ್ನ ಮುಖ ನೋಡಿ ಕೊಟ್ಟಿದ್ರು. ಒಂದು ಕೆಲ್ಸ ಮಾಡು ದೊರೆ, ಆ ಗೋಡೆನ ಮೂರು ವರಸೆ ಇಟ್ಟಿಗೆ ಏರಿಸಿಬಿಡು, ಸೂರಿಗೆ ಮುಟ್ಟುತ್ತೆ. ಆ ಹೆಣ್ಮಗಳಿಗೆ ಮಾತ್ರ ಏನೂ ಅನ್ನಬೇಡ. ಅವಳ ಚಿಲಕ ಬೀಳ್ಲಿ, ಬೀಳ್ತಾ ಇರ್ಲಿ."

ಮೂರು ವರಸೆ ಇಟ್ಟಿಗೆ. ಅರ್ಧ ದಿನದ ಕೆಲಸ. ಬಾಡಿಗೆಗೆ ಇರುವವರೇ ನನಗೆ ದಾರಿ ತೋರಿಸಿದ್ದರು. ನಾನು ಮಾಲೀಕ, ಇವರು ಹೇಳಿದ್ದು ಕೇಳಬೇಕಾ ಅಂತ ಅಂದುಕೊಂಡು ಎದ್ದು ನೇರ ಮೂರನೇ ಮನೆಗೆ ಹೋದೆ.

"ಅಕ್ಕಾ, ನೀವು ಮನೆ ಖಾಲಿ ಮಾಡಿ."

ವನಜಕ್ಕ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದರು. "ಅವನು ಬಂದ ಮೇಲೆ ಮಾಡ್ತೀನಪ್ಪ. ಈಗ ಹೋಗ್ತೀನಿ ಅಂದ್ಬಿಟ್ರೆ, ಆಮೇಲೆ ಅವನು ಇಲ್ಲಿ ಬಂದು ಕೂತಿರ್ತಾನೆ, ನಾನು ಬೀದೀಲಿ ಬಾಗಿಲು ಹುಡುಕ್ತಾ ಇರ್ತೀನಿ."

"ಅವನು ಬರ್ತೀನಿ ಅಂದಿದ್ದು ನಿಮಗಲ್ಲ. ನನಗೆ. ಹೊಡೆಯೋಕೆ ಬರ್ತೀನಿ ಅಂದಿದ್ದು."

ಅವರು ನಕ್ಕುಬಿಟ್ಟರು. ಕೆಟ್ಟ ನಗುವಲ್ಲ, ಆದರೂ ನಗು. "ನಿನ್ನ ಹೊಡೆಯೋಕೆ ಅಷ್ಟು ದೂರ ಲಾರಿ ಹತ್ತಿ ಹೋಗ್ಬೇಕಿತ್ತೇನೋ? ಇಲ್ಲೇ ಕೈಗೆ ಸಿಕ್ಕಿದ್ಯಲ್ಲ."

ಹಿಂದೆ ಬಾವಿಕಟ್ಟೆಯಲ್ಲಿ ಯಾರೋ ಕಿಸಕ್ಕೆಂದರು. ಕಿವಿ ಬಿಸಿಯಾಯಿತು. ಸರಸರ ವಾಪಸು ಬಂದೆ.

ಮಾರನೇ ದಿನ ವನಜಕ್ಕ ಸೀರೆ ಗಂಟು ಕೊಡಲು ಅಂಗಡಿಗೆ ಹೋದರು, ಬಾಗಿಲಿಗೆ ಬೀಗ ಹಾಕಿಕೊಂಡು. ನಾನು ಅಪ್ಪನ ಗೊಂಚಲು ತೆಗೆದೆ. ಬೆಂಕಿ ಎಲ್ಲೂ ಬಿದ್ದಿರಲಿಲ್ಲ. ನನ್ನ ಹತ್ತಿರ ಒಂದು ಹಳೇ ಸ್ಪೀಕರು ಇತ್ತು, ಹಾಳಾಗಿದ್ದು, ಅದರ ಹಿಂದಿನ ಆಯಸ್ಕಾಂತವನ್ನು ಬಿಚ್ಚಿಕೊಂಡೆ. ಚಿಲಕದ ತುದಿ ಹೋಗಿ ಕೂರುವ ಮೇಲ್ಚೌಕಟ್ಟಿನ ತೂತನ್ನು ಉಳಿಯಿಂದ ಸ್ವಲ್ಪ ಅಗಲ ಮಾಡಿ, ಆಯಸ್ಕಾಂತವನ್ನು ಒಳಗೆ ಕೂರಿಸಿ, ಮಸಿ ಬಳಿದೆ. ಕೆಳಗಿಳಿದು ಚಿಲಕ ತಳ್ಳಿದೆ. ಮೇಲಕ್ಕೆ ಹೋಗಿ ಕಚ್ಚಿಕೊಂಡು ನಿಂತಿತು. ಮೂರು ವರ್ಷದಲ್ಲಿ ಮೊದಲ ಸಲ ಅದರ ಬಾಯಿ ಮುಚ್ಚಿತು.

ನನಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಚಿಲಕ ನಿಂತರೆ ಏನರ್ಥ ಅಂತ ನಮ್ಮೂರ ಕೂಸಿಗೂ ಗೊತ್ತು. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಸಂಜೆ ಅವರು ಬೆಚ್ಚಿ ಹೊರಗೋಡಿ ಬರುತ್ತಾರೆ, ನಾನು ಸ್ಟೂಲು ಹತ್ತಿ ಆಯಸ್ಕಾಂತ ಕಿತ್ತು ಎಲ್ಲರಿಗೂ ತೋರಿಸುತ್ತೇನೆ, ಇಷ್ಟೇ ನೋಡಿ ನಿಮ್ಮ ಚಿಲಕದ ಭವಿಷ್ಯ ಅನ್ನುತ್ತೇನೆ. ನಿನ್ನೆ ನಕ್ಕವರ ಮುಖ ನೋಡಬೇಕಿತ್ತು ನನಗೆ. ಬೈಗುಳಕ್ಕೆ ಉತ್ತರ ಕೂಡ ಸಿದ್ಧ ಮಾಡಿಕೊಂಡು ಕೂತಿದ್ದೆ.

ದೀಪ ಹಚ್ಚುವ ಹೊತ್ತಾಯಿತು. ಮೂರನೇ ಮನೆಯ ಬಾಗಿಲು ಮುಚ್ಚಿಕೊಂಡಿತು. ಟಕ್ ಕೇಳಿಸಲಿಲ್ಲ.

"ಏನಂತಮ್ಮ ವನಜಾ?" ದೇವೀರಮ್ಮ ಕೂಗಿದಳು.

ಮತ್ತೆ ಚಿಲಕ ಎಳೆದ ಶಬ್ದ, ಮತ್ತೆ ತಳ್ಳಿದ ಶಬ್ದ. ಮತ್ತೊಮ್ಮೆ. ಮತ್ತೊಮ್ಮೆ. ಎಷ್ಟು ಸಲವೋ. ಅಂಗಳದಲ್ಲಿ ಎಲ್ಲರೂ ನಿಂತಲ್ಲೇ ನಿಂತರು. ಕೂಗೂ ಬರಲಿಲ್ಲ, ಅಳುವೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಿಲಿನ ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ತುಂಬಿದ ಕೊಡಗಳನ್ನು ಒಂದಾದ ಮೇಲೊಂದು ತಲೆಯ ಮೇಲೆ ಸುರಿದುಕೊಳ್ಳುವ ಸದ್ದು. ದೀಪದ ಹೊತ್ತಿನಲ್ಲಿ ಹೆಂಗಸರು ಯಾವಾಗ ತಲೆಗೆ ನೀರು ಹಾಕಿಕೊಳ್ಳುತ್ತಾರೆ ಅಂತ ಎಲ್ಲರಿಗೂ ಗೊತ್ತು. ದೇವೀರಮ್ಮ ಕೈಯಲ್ಲಿದ್ದ ಮೊರ ಅಲ್ಲೇ ಬಿಟ್ಟು ಓಡಿದಳು.

ಆಗ ಹೇಳಬೇಕಿತ್ತು. ಆ ಅಂಗಳ ದಾಟಲು ಹನ್ನೆರಡು ಹೆಜ್ಜೆ. ನಾನು ಹನ್ನೆರಡು ಹೆಜ್ಜೆ ಇಡಲಿಲ್ಲ. ನಾಳೆ ಬೆಳಿಗ್ಗೆ ಹೇಳೋಣ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಇಸ್ಮಾಯಿಲ್ ಸಾಬರು ಅಂಗಡಿ ತೆರೆಯದೆ ಆ ಬಾಗಿಲ ಮುಂದೆ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದರು. ದೇವೀರಮ್ಮ ಗಂಜಿ ಕಾಯಿಸುತ್ತಿದ್ದಳು. ಬೀದಿಯವರು ಬಂದರು, ಶಾಲೆಯಲ್ಲಿ ನಮ್ಮಿಬ್ಬರಿಗೂ ಪಾಠ ಮಾಡಿದವರು ಬಂದರು. ಅವರಲ್ಲೊಬ್ಬರು ನನ್ನ ಹೆಗಲು ಮುಟ್ಟಿ, "ನಿನ್ನ ಬೆಂಚಿನವನಲ್ಲವೇನೋ" ಅಂದರು. ಒಂದು ಸುಳ್ಳಿಗೆ ಇಷ್ಟು ಜನ ನಿಜವಾಗಿ ಅತ್ತ ಮೇಲೆ ಎದ್ದು ನಿಂತು ನಿಜ ಹೇಳುವವನಿಗೆ ಎಂಟೆದೆ ಬೇಕು. ಕೂಗುವವನಿಗೆ ಎದೆ ಇರುತ್ತದೆ ಅಂತ ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ನನಗಿದ್ದುದು ಬರೀ ಗಂಟಲು.

ಹನ್ನೊಂದನೇ ದಿನ ವನಜಕ್ಕ ಮನೆ ಖಾಲಿ ಮಾಡಿದರು. ನಾನು ಕೇಳಿರಲಿಲ್ಲ. ಅವರೇ ಗಾಡಿ ಕರೆಸಿದರು. ನೆಲ ಒರೆಸಿದರು, ಗೋಡೆಗೆ ಹೊಡೆದಿದ್ದ ಎರಡೇ ಎರಡು ಮೊಳೆ ಕಿತ್ತು, ಆ ತೂತಿಗೆ ಸುಣ್ಣ ತುಂಬಿದರು. ಅಂಥ ಬಾಡಿಗೆಯವರನ್ನು ಯಾವ ಮಾಲೀಕನೂ ಕಂಡಿರಲಾರ.

"ಎಲ್ಲಿಗೆ ಅಕ್ಕಾ?" ಅಂದೆ.

"ಸೀರೆ ಉಡೋ ಊರು ಯಾವುದಾದ್ರೂ ಆಯ್ತು." ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು. "ದೊರೆ, ಚಿಲಕ ನಿಲ್ಲದ ಮನೇಲಿ ಮೂರು ವರ್ಷ ಇರೋಕೆ ಬಿಟ್ಟೆ. ಬೇರೆ ಮಾಲೀಕರಾಗಿದ್ರೆ ಯಾವತ್ತೋ ಆಚೆ ಹಾಕ್ತಿದ್ರು. ನೀನು ಕೋಪಿಷ್ಠ ಕಣೋ, ಕೆಟ್ಟೋನಲ್ಲ."

"ಅಕ್ಕಾ" ಅಂದೆ. ಬಾಯಿ ತೆರೆದೇ ಇತ್ತು. ಅವರು ಕಾದರು. ನನ್ನ ಮುಖ ನೋಡಿ, ಇವನು ಅಳುತ್ತಾನೆ ಅಂತ ತಿಳಿದರೋ ಏನೋ, ನನಗೆ ಕಷ್ಟ ಕೊಡಬಾರದು ಅಂತ ಬೇಗ ಹೊಸ್ತಿಲು ದಾಟಿ ತಿರುಗಿ ನಿಂತರು.

"ಹೋಗ್ತೀನಿ."

ಎಷ್ಟೋ ಜನರ ಬಾಯಿಂದ ಕಾಡಿ ಬೇಡಿ, ಗದರಿಸಿ ಹೊರಡಿಸಿದ ಮಾತು. ಅವರು ಕೇಳದೇ ಕೊಟ್ಟರು.

ಗಾಡಿ ಬೀದಿ ತಿರುಗಿದ ಮೇಲೆ ಸ್ಟೂಲು ಹತ್ತಿದೆ. ಆಯಸ್ಕಾಂತ ಕಿತ್ತೆ. ಬಾಗಿಲು ಮುಂದೆ ಮಾಡಿ ಚಿಲಕ ತಳ್ಳಿದೆ.

ಟಕ್.

ಇದ್ದಾನೆ. ಆ ಖಾಲಿ ಮನೆಯಲ್ಲಿ ಆ ಸದ್ದು ಮೂರು ವರ್ಷ ಕೇಳಿದ್ದಕ್ಕಿಂತ ಜೋರಾಗಿತ್ತು. ಚಪ್ಪಲಿ ಹಾಕದೆ ಓಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಗಾಡಿಯವನು ಎತ್ತಿಗೆ ನೀರು ಕುಡಿಸುತ್ತಿದ್ದ. "ಯಾವ ಬಸ್ಸು ಹತ್ತಿದ್ರೋ ನೋಡ್ಲಿಲ್ಲಪ್ಪ, ಒಟ್ಟಿಗೆ ನಾಲ್ಕು ನಿಂತಿದ್ವು" ಅಂದ. ಸೀರೆ ಅಂಗಡಿಯಲ್ಲಿ ಕೇಳಿದೆ. ಕೊನೆಯ ಗಂಟು ಕೊಟ್ಟು ನಮಸ್ಕಾರ ಹೇಳಿ ಹೋದರು ಅಂದರು.

ಆಮೇಲೆ ಆ ಮನೆ ನೋಡಲು ಬಂದವರೆಲ್ಲ ಮೊದಲು ಚಿಲಕ ತಳ್ಳುತ್ತಿದ್ದರು, ಬಿದ್ದ ಕೂಡಲೇ ನನ್ನ ಮುಖ ನೋಡುತ್ತಿದ್ದರು. "ಯಾರದ್ದೋ ಮಾತು ಬಾಕಿ ಇದೆ ಇಲ್ಲಿ" ಅಂದು ಚಪ್ಪಲಿ ಮೆಟ್ಟುತ್ತಿದ್ದರು. ಚಿಲಕ ಬೀಳುವುದು ದೇವೀರಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ದಿನ ಬಂದು, ತಾನೇ ತಳ್ಳಿ ನೋಡಿ, ಚೌಕಟ್ಟಿನ ತೂತಿಗೆ ಬೆರಳು ಹಾಕಿ, ಬೆರಳಿನ ಮಸಿ ನೋಡಿದಳು. ಬೈಯಲಿಲ್ಲ. ಆ ಮಸಿಯನ್ನು ನನ್ನ ಅಂಗಿಗೆ ಒರೆಸಿ ಹೋದಳು. ಅವಳು ಬೈಯದೆ ಹೋಗಿದ್ದು ಅದೊಂದೇ ಸಲ.

ಎಂಟು ತಿಂಗಳ ಮೇಲೆ ಕೊನೆಗೂ ಗೋಡೆಗೆ ಕೈ ಹಾಕಿದೆ. ಬೆಳಗಿನ ಹೊತ್ತು, ಅಟ್ಟದ ಮೇಲೆ ಬಗ್ಗಿ ಕೂತು ಮೂರನೇ ವರಸೆ ಇಟ್ಟಿಗೆ ಇಡುತ್ತಿದ್ದೆ. ಕೆಳಗೆ ಬಾಗಿಲು ಕಿರುಗುಟ್ಟಿತು.

"ಅಕ್ಕಾ?"

ಕೈಯಲ್ಲಿದ್ದ ಗಾರೆ ಹಾಗೇ ಉಳಿಯಿತು. ಏಣಿ ಇಳಿದೆ. ಶ್ರೀಕಂಠ ನಿಂತಿದ್ದ. ಕಪ್ಪಾಗಿದ್ದ, ಭುಜ ಅಗಲವಾಗಿತ್ತು, ಕಿವಿ ಸ್ವಲ್ಪ ಮಂದವಾದಂತಿತ್ತು, ಜೋರಾಗಿ ಮಾತಾಡುತ್ತಿದ್ದ. ಎರಡೂ ಕೈಯಲ್ಲಿ ಒಂದು ಟೇಬಲ್ ಲ್ಯಾಂಪು ಹಿಡಿದಿದ್ದ, ಕತ್ತು ಬಗ್ಗಿಸಬಹುದಾದಂಥದ್ದು.

"ಏನೋ ದೊರೆ, ನಮ್ಮ ಮನೆ ಅಟ್ಟದಲ್ಲಿ ಏನೋ ಮಾಡ್ತಿದ್ದೀಯ? ಅಕ್ಕ ಎಲ್ಲಿ? ಅಂಗಡಿಗೆ ಹೋದ್ಲಾ?" ಲ್ಯಾಂಪು ಎತ್ತಿ ತೋರಿಸಿದ. "ಅಕ್ಕಂಗೆ. ನೀನೇ ಅಂದಿದ್ಯಲ್ಲ ಅವತ್ತು, ಕಣ್ಣು ಕಳ್ಕೊಂಡು ಕುಚ್ಚು ಕಟ್ತಾಳೆ ಅಂತ. ಮನಸ್ಸಿಗೆ ನಾಟಿತ್ತು ಕಣೋ. ಇನ್ಮೇಲೆ ಬಾಗಿಲ ಹತ್ರ ಕೂರೋ ಕಷ್ಟ ಇಲ್ಲ."

ಅವನು ಖಾಲಿ ಗೋಡೆ ನೋಡಿದ್ದು ಆಮೇಲೆ. ಸುಣ್ಣ ತುಂಬಿದ ಎರಡು ತೂತು ನೋಡಿದ. ಒಲೆಯಿಲ್ಲದ ಅಡುಗೆಮನೆ ನೋಡಿದ. ಹಿಂದಕ್ಕೆ ಬಂದು, ಒಂ‌ದು ಕೈಯಿಂದ ಬಾಗಿಲು ಮುಂದೆ ಮಾಡಿ ಚಿಲಕ ತಳ್ಳಿದ. ಬರಬೇಕಾದವನು ಬಂದಿದ್ದ, ಚಿಲಕ ನಿಂತಿತು.

"ಅಕ್ಕ ಹೋಗ್ತೀನಿ ಅಂದ್ಳಾ?"

ಹೂಂ ಅಂದೆ. ಎಲ್ಲ ಹೇಳಿದೆ. ಮೂರು ವರಸೆ ಇಟ್ಟಿಗೆ ಹೇಳಿದೆ, ಎರಡನೇ ಬೀಗದ ಕೈ ಹೇಳಿದೆ, ಜೇಬಿನಿಂದ ಆಯಸ್ಕಾಂತ ತೆಗೆದು ತೋರಿಸಿದೆ. ಅದನ್ನು ಎಂಟು ತಿಂಗಳು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದೆ. ಕೊನೆಗೆ ಅಂದೆ, "ನೀನು ಬಂದು ಹೊಡೀತೀಯ ಅಂತ ಮೂರು ವರ್ಷ ಕಾದೆ ಕಣೋ. ಬರ್ತೀನಿ, ನೋಡ್ತಾ ಇರು ಅಂದಿದ್ಯಲ್ಲ."

ಶ್ರೀಕಂಠನಿಗೆ ಮೊದಲು ಅರ್ಥವಾಗಲಿಲ್ಲ. ಹಣೆ ಗಂಟು ಹಾಕಿ ನೆನಪು ಮಾಡಿಕೊಂಡ.

"ಅದು ಅಕ್ಕಂಗೆ ಅಂದಿದ್ದು. ಬರೋ ದಾರಿ ನೋಡ್ತಾ ಇರು ಅಂತ. ನೀನು ಅಡ್ಡ ನಿಂತಿದ್ದೆ."

ನೆಲ ನೋಡಿದೆ. "ಹೊಡಿ" ಅಂದೆ. "ಈಗಲಾದ್ರೂ ಹೊಡಿಯೋ ಶ್ರೀಕಂಠ."

ಅವನು ಲ್ಯಾಂಪನ್ನು ಇನ್ನಷ್ಟು ಎದೆಗವಚಿಕೊಂಡ. "ಕೈ ಖಾಲಿ ಇಲ್ಲ ಕಣೋ."

ಅಕ್ಕನನ್ನು ಹುಡುಕಲು ಹೊರಟ. ನಾನು ಅವನ ಹಿಂದೆಯೇ ಹೋದೆ. ಹೊಸ್ತಿಲ ಹತ್ತಿರ ಅವನ ತೋಳು ಹಿಡಿದೆ. ಇಷ್ಟು ವರ್ಷ ಜನರ ಬಾಯಿಂದ ಯಾವ ಮಾತು ಬರದಿರಲಿ ಅಂತ ಕಾವಲು ನಿಂತಿದ್ದೆನೋ ಆ ಮಾತಿಗೆ ಬೇಡಿಕೊಂಡೆ. "ಬರ್ತೀನಿ ಅಂತ ಹೇಳಿ ಹೋಗೋ. ಮನೆ ಹಂಗೇ ಇಟ್ಟಿರ್ತೀನಿ. ಯಾರಿಗೂ ಕೊಡಲ್ಲ. ಚಿಲಕ ಬೀಳ್ತಾ ಇರ್ಲಿ. ನೀನಾದ್ರೂ ಇದ್ದೀಯ ಅಂತ ಸಂಜೆ ಸಂಜೆ ಗೊತ್ತಾಗ್ಲಿ."

"ಯಾರಿಗೆ ಗೊತ್ತಾಗ್ಬೇಕು?" ಅಂದ. ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಕಂಗೆ ಕಾಣ್ದೇ ಇರೋ ಮನೆಗೆ ಬಂದು ನಾನೇನು ಮಾಡ್ಲಿ ದೊರೆ?"

ಹೊಸ್ತಿಲು ದಾಟಿ ತಿರುಗಿದ. ಈ ಸಲ ನನ್ನ ಹಿಂದೆ ಯಾರೂ ಇರಲಿಲ್ಲ. ನೇರ ನನಗೇ ಹೇಳಿದ.

"ಹೋಗ್ತೀನಿ."

ಬೀದಿಯ ತಿರುವಿನಲ್ಲಿ ಒಮ್ಮೆ ನಿಂತು ಹಿಂದಿರುಗಿ ನೋಡಿದ. ನಾನು ಮೂರನೇ ಮನೆಯ ಬಾಗಿಲಲ್ಲೇ ನಿಂತು ಕೈ ಎತ್ತಿದೆ. ಅವನ ಕಣ್ಣು ಎರಡನೇ ಮನೆಯಿಂದ ನೇರ ನಾಲ್ಕನೇ ಮನೆಗೆ ಜಾರಿತು. ನಾನು ಅವನಿಗೆ ಕಾಣಲಿಲ್ಲ.

ಈಗ ಮೂರನೇ ಮನೆಯಲ್ಲಿ ಹೊಸದಾಗಿ ಮದುವೆಯಾದ ಗಂಡಹೆಂಡಿರಿದ್ದಾರೆ. ಗೋಡೆ ಸೂರು ಮುಟ್ಟಿದೆ. ಚಿಲಕ ಹೇಳಿದ ಮಾತು ಕೇಳುತ್ತದೆ. ಯಾರದ್ದೂ ದೂರಿಲ್ಲ. ನಾನು ಕೂಗುವುದು ಕಮ್ಮಿಯಾಗಿದೆ ಅಂತ ಸಾಬರು ಹೇಳುತ್ತಾರೆ. ಕೂಗುವುದು ಕಮ್ಮಿಯಾಗಿದೆ, ಸಿಟ್ಟು ಕಮ್ಮಿಯಾಗಿಲ್ಲ. ಅದಕ್ಕೆ ಈಗ ಒಂದೇ ವಿಳಾಸ, ಅಷ್ಟೇ.

ಭಾನುವಾರ ಬಂದರೆ ಬಸ್ಸು ಹತ್ತುತ್ತೇನೆ. ಒಂದೊಂದು ವಾರ ಒಂದೊಂದು ಊರು. ಸೀರೆ ಅಂಗಡಿಗೆ ಹೋಗಿ ಕುಚ್ಚು ಕಟ್ಟಿದ ಸೀರೆ ತೋರಿಸಿ ಅನ್ನುತ್ತೇನೆ. "ಮದುವೆ ಸೀರೆನಾ ಸ್ವಾಮಿ?" ಅಂತ ಕೇಳುತ್ತಾರೆ. ಸೆರಗು ಬಿಚ್ಚಿಸಿ ಕೊನೆಯ ಕುಚ್ಚು ಮಾತ್ರ ನೋಡುತ್ತೇನೆ. ಒಂದು ಕಡೆ ಹಸಿರು ಕುಚ್ಚಿನಲ್ಲಿ ಒಂದೆಳೆ ಕೆಂಪು ಸಿಕ್ಕಿತು. ಯಾರು ಕಟ್ಟಿದ್ದು ಅಂದೆ. ಅಂಗಡಿಯವನು ಸೀರೆ ತಿರುಗಿಸಿ ಚೀಟಿ ನೋಡಿ, "ಹಳೇ ಸ್ಟಾಕು" ಅಂದ. ಸಿಕ್ಕರೆ ಹೇಳಬೇಕಾದದ್ದು ಒಂದೇ ಮಾತು. ಇದ್ದಾನೆ ಅಕ್ಕಾ, ಲ್ಯಾಂಪು ಹಿಡ್ಕೊಂಡು ನಿಮ್ಮನ್ನ ಹುಡುಕ್ತಿದ್ದಾನೆ.

ಹೊರಡುವಾಗ ನನ್ನ ಕೋಣೆಗೆ ಹೊರಗಿನಿಂದ ಬೀಗ ಹಾಕುತ್ತೇನೆ. ಹೊಸ್ತಿಲಿಗೆ ತಿರುಗಿ ನಿಂತು "ಬರ್ತೀನಿ" ಅನ್ನುತ್ತೇನೆ. ದೇವೀರಮ್ಮ ಕೇಳಿಸಿಕೊಂಡರೂ ತಲೆ ಎತ್ತುವುದಿಲ್ಲ. ನಾನು ಊರೂರು ಅಲೆಯುವಾಗ ಇಲ್ಲಿ ನನ್ನ ಚಿಲಕವೂ ಬೀಳುತ್ತದೆಯೋ ಇಲ್ಲವೋ, ಗೊತ್ತಿಲ್ಲ. ಒಳಗಿಂದ ಹಾಕಿ ನೋಡುವವರು ಯಾರೂ ಇಲ್ಲ.